ಎಡಗಾಲಿನ ಟೇಪು

ಆ ಗುರುವಾರ ಬೆಳಿಗ್ಗೆ ತಾನು ಡೋರಿಸ್‌ಗೆ ಏನು ಹೇಳಿದೆ ಎಂಬುದು ಲೆನ್ ಡೊಂಬೆಕ್‌ಗೆ ಅಕ್ಷರಶಃ ನೆನಪಿತ್ತು; ಯಾಕೆ ಹೇಳಿದೆ ಎಂಬುದು ಮಾತ್ರ ಎಷ್ಟು ಕೆದಕಿದರೂ ಸಿಗುತ್ತಿರಲಿಲ್ಲ. ಹತ್ತು ಗಂಟೆಗೆ ಅವನು ಕೆಳಮಹಡಿಯಲ್ಲಿ, ಆಟಗಾರರ ಕೈಕಾಲು ನೋಡಿಕೊಳ್ಳುವ ಕೋಣೆಯ ಮುಂದೆ ಹಾದುಹೋಗುತ್ತಿದ್ದ. ಮೂವತ್ತು ವರ್ಷಗಳಿಂದ ಬಫಲೋ ಬಾಸ್ಕೆಟ್‌ಬಾಲ್ ತಂಡದ ಕಾಲುಗಳಿಗೆ ಬಿಳಿ ಟೇಪು ಸುತ್ತುತ್ತ ಬಂದಿದ್ದ ಡೋರಿಸ್ ಮ್ಯಾಕ್‌ನಲ್ಟಿ ಬಾಗಿಲಿಗೆ ಬಂದು, “ಓಡೆಲ್‌ಗೆ ಈಗ್ಲೇ ಸುತ್ಲೇನೋ ಲೆನ್ನಿ? ಹನ್ನೆರಡಕ್ಕೆ ಪ್ರಾಕ್ಟೀಸು,” ಎಂದಳು. “ಇವತ್ತು ಅವನಿಗೆ ಬೇಡ, ಆಮೇಲೆ ನೋಡೋಣ,” ಎಂದಿದ್ದ ಡೊಂಬೆಕ್, ನಿಲ್ಲದೆ, ಕೈಯಲ್ಲಿದ್ದ ಕಾಫಿ ಚೆಲ್ಲದ ಹಾಗೆ ನಡೆಯುತ್ತ. ಡೋರಿಸ್ ಅವನನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದಳು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಅವನಿಗೆ ತಾನಂದದ್ದರ ಅರ್ಥ ಹೊಳೆಯಿತು. ತಂಡತಂಡಗಳ ನಡುವೆ ಆಟಗಾರರ ಅದಲುಬದಲಿಗೆ ಅವತ್ತು ಕೊನೆಯ ದಿನ, ಮಧ್ಯಾಹ್ನ ಮೂರಕ್ಕೆ ಗಡುವು. ಆ ದಿನ ಯಾರ ಕಾಲಿಗೆ ಟೇಪು ಬೀಳುವುದಿಲ್ಲವೋ ಅವನು ಊರು ಬಿಡುತ್ತಾನೆ ಎಂದು ಅರ್ಥ. ಕೊಡಬೇಕೆಂದಿರುವ ಆಟಗಾರನನ್ನು ಯಾರೂ ಅಂಗಳಕ್ಕೆ ಇಳಿಸುವುದಿಲ್ಲ. ಕಾಲು ಉಳುಕಿದರೆ ಆ ಕಡೆಯ ತಂಡದ ಡಾಕ್ಟರು ಬೇಡವೆಂದು ತಲೆಯಲ್ಲಾಡಿಸುತ್ತಾನೆ, ಆಡಿದ ಮಾತೆಲ್ಲ ನೀರುಪಾಲು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ತಂಡದ ಬಸ್ಸು ಓಡಿಸುವವನಿಗೂ ಗೊತ್ತು. ತಂಡದ ಮ್ಯಾನೇಜರನಾದ ತನಗೆ ಗೊತ್ತಿರಲಿಲ್ಲವೆ? ಮಂಗಳವಾರದ ಆಟದಲ್ಲಿ ಓಡೆಲ್‌ನ ಎಡಗಾಲು ಸ್ವಲ್ಪ ಊದಿಕೊಂಡಿತ್ತು, ಅದಕ್ಕೆ ಹೇಳಿದೆ ಎಂದುಕೊಂಡ. ಕೆಳಗೆ ಹೋಗಿ ಡೋರಿಸ್‌ಗೆ ಬಿಡಿಸಿ ಹೇಳಬೇಕೆಂದೂ ಅಂದುಕೊಂಡ. ಅಷ್ಟರಲ್ಲಿ ಫೋನು ಬಂತು.

ಫೋನು ಫ್ಲಾರಿಡಾದಿಂದ, ತಂಡದ ಮಾಲೀಕ ಹ್ಯಾನ್‌ರಹಾನ್‌ದು. ಕಾರು ತೊಳೆಯುವ ಅಂಗಡಿಗಳನ್ನು ಊರೂರಲ್ಲಿ ತೆರೆದು ಸಿರಿವಂತನಾದ ಆತ ಈಗಲೂ ಎಲ್ಲವನ್ನೂ ನೀರು ಹೊಯ್ದು ಒರೆಸುವ ಹಾಗೆಯೇ ಮಾತಾಡುತ್ತಿದ್ದ. “ಲೆನ್, ನೀನು ಏನ್ ಬೇಕಾದ್ರೂ ಮಾಡು, ನಾನು ಅಡ್ಡ ಬರಲ್ಲ. ಆದ್ರೆ ಇವತ್ತು ಸಾಯಂಕಾಲ ಆಟಕ್ಕೆ ಬಂದೋರಿಗೆ ಓಡೆಲ್ ಬೊಂಬೆ ಹಂಚ್ತಿದೀವಿ ಅನ್ನೋದು ಜ್ಞಾಪಕ ಇರ್ಲಿ.” “ಜ್ಞಾಪಕ ಇದೆ.” “ಐದು ಸಾವಿರ ಬೊಂಬೆ. ಅವನನ್ನ ಕಳಿಸ್ಬಿಟ್ಟು ಅವನ ಬೊಂಬೆ ಹಂಚಿದ್ರೆ ಜನ ಯಾರನ್ನ ನೋಡಿ ನಗ್ತಾರೆ? ನಿನ್ನನ್ನಲ್ಲ.” “ಹಾಗಾದ್ರೆ ಕೊಡೋದು ಬೇಡ ಅಂತೀರಾ?” “ನಾನೆಲ್ಲಿ ಹಾಗಂದೆ? ಆ ಸಂಬಳ ಇಟ್ಕೊಂಡು ಇನ್ನೂ ಮೂರು ವರ್ಷ ಹನ್ನೊಂದನೇ ಸ್ಥಾನದಲ್ಲಿ ಕೂತಿರೋಣ ಅಂತಾನೂ ಅನ್ಲಿಲ್ಲ. ನೀನು ಮ್ಯಾನೇಜರು. ಯೋಚ್ನೆ ಮಾಡು.” ಹಿಂದುಗಡೆ ಯಾರೋ ಹೆಂಗಸು ನಗುತ್ತಿದ್ದಳು, ತನ್ನನ್ನು ನೋಡಿ ಅಲ್ಲವೆಂದು ಡೊಂಬೆಕ್‌ಗೆ ಗೊತ್ತಿದ್ದರೂ ಕಿವಿ ಬಿಸಿಯಾಯಿತು. ಫೋನು ಇಟ್ಟು ಮೇಜಿನ ಮೇಲಿದ್ದ ಮಾದರಿ ಬೊಂಬೆಯನ್ನು ನೋಡಿದ. ಒಂದು ಗೇಣಿನ ಓಡೆಲ್ ಗ್ಯಾಸ್ಕಿನ್, ಕುತ್ತಿಗೆಯಲ್ಲಿ ಸ್ಪ್ರಿಂಗು. ಎಡಗೈ ಆಟಗಾರನಾದ ಅವನ ಬಲಗೈಯಲ್ಲಿ ಚೆಂಡು ಕೊಟ್ಟಿದ್ದರು. ಐದು ಸಾವಿರ ಮಾಡಿಸಿದ ಮೇಲೆ ಅದು ಕಣ್ಣಿಗೆ ಬಿದ್ದಿತ್ತು. ಕೊಡಲೇ ಎಂದು ಬೆರಳಿನಿಂದ ಬೊಂಬೆಯ ತಲೆ ಮುಟ್ಟಿದ, ಹೂಂ ಹೂಂ ಎಂದು ಅದು ತಲೆಯಾಡಿಸಿತು. ಇಟ್ಟುಕೊಳ್ಳಲೇ ಎಂದು ಮತ್ತೆ ಮುಟ್ಟಿದ, ಅದಕ್ಕೂ ಹೂಂ ಎಂದಿತು. ಐವತ್ತೊಂದು ವರ್ಷದ ಗಂಡಸು ಬೊಂಬೆಯ ಹತ್ತಿರ ಶಾಸ್ತ್ರ ಕೇಳುತ್ತಿದ್ದೇನಲ್ಲ ಎಂದು ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿದ.

ಲೆಕ್ಕದಲ್ಲಿ ಗೊಂದಲವೇ ಇರಲಿಲ್ಲ, ಅದೇ ಅವನಿಗೆ ಕಷ್ಟವಾಗಿತ್ತು. ಟಲ್ಸಾ ತಂಡದವರು ಓಡೆಲ್‌ನನ್ನು, ಅವನ ಇನ್ನೂ ಮೂರು ವರ್ಷದ ದೊಡ್ಡ ಸಂಬಳದ ಸಮೇತ, ಹೊತ್ತುಕೊಳ್ಳಲು ತಯಾರಿದ್ದರು. ಬದಲಿಗೆ ಬೇಸಿಗೆಗೆ ಒಪ್ಪಂದ ಮುಗಿಯುವ ಇಬ್ಬರು ಸಾಧಾರಣ ಆಟಗಾರರು, ಮತ್ತು ಕಾಲೇಜಿನಿಂದ ಬರುವ ಹೊಸಬರನ್ನು ಆರಿಸಿಕೊಳ್ಳುವಾಗ ಮೊದಲ ಸುತ್ತಿನಲ್ಲೇ ಎರಡು ಸರದಿ. ಬೇಸಿಗೆಗೆ ಸಂಬಳದ ಹೊರೆ ಖಾಲಿ, ತಂಡಕ್ಕೆ ಹೊಸ ಬುನಾದಿ. ಅಂಕಿಅಂಶ ನೋಡಿಕೊಳ್ಳುವ ಇಲೇನಾ ಫ್ಯೂಸ್ಕೋ ಹಾಳೆ ಹರವಿ, “ಸರ್, ಇದ್ರಲ್ಲಿ ಯೋಚ್ನೆ ಮಾಡೋಕೆ ಏನೂ ಇಲ್ಲ,” ಎಂದಳು. “ಮೂವತ್ನಾಲ್ಕು ವರ್ಷದ ಕಾಲಿಗೆ ಇನ್ಯಾರೂ ಇಷ್ಟು ಕೊಡಲ್ಲ. ಮುಂದಿನ ವರ್ಷ ನಾವೇ ಮೇಲಿಂದ ಕೊಟ್ಟು ಕಳಿಸ್ಬೇಕಾಗುತ್ತೆ.” “ಅವನು ಕಾಲಲ್ಲ ಇಲೇನಾ, ಮನುಷ್ಯ.” “ಗೊತ್ತು ಸರ್. ನಮ್ಮಪ್ಪನ ಅಂಗಡಿ ಗೋಡೆ ಮೇಲೆ ಅವನದೇ ಫೋಟೋ ಇರೋದು. ಆದ್ರೂ ಹೇಳ್ತಿದೀನಿ.” ಡೊಂಬೆಕ್ ತಲೆಯಾಡಿಸಿದ, ಆಡಿಸುತ್ತಲೇ ತಾನು ಡ್ರಾಯರಿನೊಳಗಿನ ಬೊಂಬೆಯಂತೆ ಆಡುತ್ತಿದ್ದೇನೆಂದು ಅನ್ನಿಸಿ ನಿಲ್ಲಿಸಿದ. ಮನುಷ್ಯ ಎಂದು ತಾನು ಹೇಳಿದ ರೀತಿಯೇ ಅವನಿಗೆ ಹಿಡಿಸಲಿಲ್ಲ. ಯಾರಿಗೋ ಕೇಳಿಸಲಿ ಎಂದು ಹೇಳಿದ ಹಾಗಿತ್ತು.

ಕಿಟಕಿಯಾಚೆ ಸರೋವರದ ಕಡೆಯಿಂದ ಹಿಮ ಅಡ್ಡಡ್ಡಲಾಗಿ ಬೀಸುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಆರ್ಕನ್ಸಾದ ಒಂದು ಸಣ್ಣ ಕಾಲೇಜಿನ, ಅರ್ಧ ದೀಪ ಕೆಟ್ಟ ಅಂಗಳದಲ್ಲಿ ಓಡೆಲ್‌ನನ್ನು ಮೊದಲು ಕಂಡವನು ತಾನೇ. ಆಗ ಆಟಗಾರರನ್ನು ಹುಡುಕಿಕೊಂಡು ಊರೂರು ಅಲೆಯುವ ಕೆಲಸ. ಅದಕ್ಕೂ ಮುಂಚೆ ಡೋರಿಸ್‌ನ ಕೈಕೆಳಗೆ ಟೇಪು ಸುತ್ತುವ ಕೆಲಸ. ಓಡೆಲ್ ಬಂದ ಮೊದಲ ವರ್ಷ ಡೋರಿಸ್ ಸೊಂಟದ ಆಪರೇಷನ್ನಿಗೆಂದು ಎರಡು ತಿಂಗಳು ರಜೆ ಹೋದಾಗ, ಹಳೇ ಕೈ ಎಂದು ಡೊಂಬೆಕ್‌ನನ್ನೇ ಕೂರಿಸಿದ್ದರು. ಪ್ರತಿದಿನ ಆ ಉದ್ದನೆಯ ಎಡಗಾಲು ಅವನ ತೊಡೆಯ ಮೇಲೆ. “ಬಿಗಿಯಾಯ್ತಾ?” ಎಂದರೆ ಇಪ್ಪತ್ತೆರಡರ ಓಡೆಲ್, “ನಿಮ್ಮ ಕೈ ನಮ್ಮಮ್ಮನ ಕೈ ಇದ್ದಂಗಿದೆ,” ಎನ್ನುತ್ತಿದ್ದ. ಅದೇ ಓಡೆಲ್, ನಾಲ್ಕು ವರ್ಷದ ಹಿಂದೆ, ಡೊಂಬೆಕ್ ಮ್ಯಾನೇಜರಾಗಿ ಹೊಸ ಸೂಟು ತೊಟ್ಟು, ಸೋತು ಕೂತ ಆಟಗಾರರಿಗೆ ನಾಲ್ಕು ಮಾತು ಹೇಳೋಣವೆಂದು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಯಿ ತೆರೆದಾಗ, ಕಾಲೆತ್ತಿ ಬೆಂಚಿನ ಮೇಲಿಟ್ಟು, “ಸಾಹೇಬ್ರೆ, ಭಾಷಣ ಸಾಕು, ಟೇಪು ಬಿಚ್ಚಿ,” ಎಂದಿದ್ದ. ಇಡೀ ಕೋಣೆ ನಕ್ಕಿತು. ಡೊಂಬೆಕ್ ಕೂಡ ನಕ್ಕ. ನಕ್ಕು ಸುಮ್ಮನಾಗಿದ್ದರೆ ಸರಿಹೋಗುತ್ತಿತ್ತು. ಕತ್ತರಿ ಎತ್ತಿಕೊಂಡು, ಮಂಡಿಯೂರಿ ಕೂತು, ನಿಜವಾಗಿಯೂ ಬಿಚ್ಚಿದ್ದ. ಆ ನಗು ಒಮ್ಮೆಲೇ ನಿಂತದ್ದು, ಓಡೆಲ್ ಮುಜುಗರಪಟ್ಟು “ಏ ಬಿಡಿ, ತಮಾಷೆಗಂದೆ,” ಎಂದದ್ದು, ತನ್ನ ಪ್ಯಾಂಟಿನ ಮಂಡಿ ಒದ್ದೆಯಾದದ್ದು, ಎಲ್ಲವೂ ವಾರಕ್ಕೊಮ್ಮೆಯಾದರೂ ಹಲ್ಲುಜ್ಜುವಾಗ ನೆನಪಾಗುತ್ತಿತ್ತು. ಈಗ ಕೊಟ್ಟುಬಿಟ್ಟರೆ ಆ ಮಂಡಿಗೋಸ್ಕರ ಕೊಟ್ಟ ಹಾಗಾಗುವುದಿಲ್ಲವೆ? ಇಲೇನಾಳ ಹಾಳೆ ಎಷ್ಟೇ ಬೆಳ್ಳಗಿದ್ದರೂ ಅದರ ಹಿಂದೆ ಆ ಒದ್ದೆ ಇದ್ದೇ ಇದೆ ಎಂದು ಅವನಿಗೆ ಅನುಮಾನ. ಕೊಡದಿದ್ದರೆ? ಅದು ಪ್ರೀತಿಯೋ, ಅಥವಾ ಊರವರು ಬಯ್ದಾರು ಎಂಬ ಅಂಜಿಕೆಯೋ ತಿಳಿಯದು.

ಮತ್ತು ಮಿಸೆಸ್ ಗ್ಯಾಸ್ಕಿನ್ ಇದ್ದರು. ಮಗನ ಹಿಂದೆಯೇ ಈ ಚಳಿಯೂರಿಗೆ ಬಂದು, ಬೇಸಿಗೆಯಲ್ಲೂ ಉಲ್ಲನ್ ಶಾಲು ಹೊದ್ದು, ಹತ್ತು ವರ್ಷ ಡೊಂಬೆಕ್‌ಗೆ ಭಾನುವಾರದ ಊಟ ಹಾಕಿದ ಹೆಂಗಸು. ಗಟ್ಟಿ ಸಾರಿನಲ್ಲಿ ಬೆಂದ ಹಂದಿಮಾಂಸ, ಜೋಳದ ಬ್ರೆಡ್ಡು. ಎರಡು ವರ್ಷದ ಹಿಂದೆ ಓಡೆಲ್‌ನ ಹೊಸ ಒಪ್ಪಂದಕ್ಕೆ ಸಹಿ ಆಗಿದ್ದು ಆ ಊಟದ ಮೇಜಿನ ಮೇಲೆಯೇ. ಓಡೆಲ್‌ನ ವಕೀಲ, “ಒಪ್ಪಿಗೆ ಇಲ್ದೆ ಬೇರೆ ತಂಡಕ್ಕೆ ಕೊಡಬಾರ್ದು ಅಂತ ಒಂದು ಸಾಲು ಸೇರಿಸೋಣ,” ಎಂದಾಗ ಡೊಂಬೆಕ್, “ನಮ್ಮ ನಮ್ಮಲ್ಲಿ ಅದೆಲ್ಲ ಯಾಕೆ?” ಎಂದಿದ್ದ. ಮಿಸೆಸ್ ಗ್ಯಾಸ್ಕಿನ್ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತ, “ಬರೆಯೋದು ಬೇಡ ಬಿಡಿ. ನೀನು ನನ್ನ ಮುಖ ನೋಡಿ ಹೇಳಪ್ಪ, ಸಾಕು. ನನ್ನ ಮಗನ್ನ ಸೂಟ್‌ಕೇಸಿನ ಥರ ಊರೂರು ಕಳಿಸಲ್ಲ ತಾನೆ?” ಎಂದರು. “ಇಲ್ಲಮ್ಮ. ಅವನು ಆಟ ಬಿಡೋದು ಇಲ್ಲೇ,” ಎಂದ ಡೊಂಬೆಕ್, ಬಾಯಲ್ಲಿ ತುತ್ತಿದ್ದವನಂತೆ ಅಲ್ಲ, ಪ್ರಮಾಣ ಮಾಡುವವನಂತೆ, ಮುಖ ನೋಡಿಯೇ. ಹೋದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ. ಆ ದಿನ ಅವನು ದೇಶದ ಇನ್ನೊಂದು ಮೂಲೆಯಲ್ಲಿ, ಸ್ಪೋಕೇನ್‌ನ ಅಂಗಳವೊಂದರಲ್ಲಿ, ಹತ್ತೊಂಬತ್ತು ವರ್ಷದ ಆಟಗಾರನೊಬ್ಬ ಬುಟ್ಟಿಗೆ ಚೆಂಡು ಹಾಕುವುದನ್ನು ಎಣಿಸುತ್ತ ಕೂತಿದ್ದ. ವಿಮಾನ ಸಿಗುತ್ತಿತ್ತು, ಸಿಗಲಿಲ್ಲ ಎಂದು ಫೋನಿನಲ್ಲಿ ಹೇಳಿದ. ಹೂವಿನ ಚಕ್ರ ಕಳಿಸಿದ್ದೂ, ಅದರ ಮೇಲಿನ ಚೀಟಿ ಬರೆದದ್ದೂ ಇಲೇನಾ. ಅಂದಿನಿಂದ ಓಡೆಲ್ ಪ್ರತಿ ಆಟಕ್ಕೆ ಮುಂಚೆ ಎಡಗಾಲಿನ ಟೇಪಿನ ಮೇಲೆ ಕಪ್ಪು ಪೆನ್ನಿನಿಂದ ತಾಯಿಯ ಹೆಸರು ಬರೆದುಕೊಳ್ಳುತ್ತಿದ್ದ. ಮೇಲಿನ ಗಾಜಿನ ಕೋಣೆಯಲ್ಲಿ ಕೂರುವ ಡೊಂಬೆಕ್‌ಗೆ ಅದು ಕಾಲಿನಲ್ಲೊಂದು ಕಪ್ಪು ಗೀಚಾಗಿ ಮಾತ್ರ ಕಾಣುತ್ತಿತ್ತು.

ಒಂದು ಗಂಟೆಗೆ ಇಲೇನಾ ತಂದಿಟ್ಟ ಬನ್ನಿನ ಮೇಲಿನ ಉಪ್ಪುಕಾಳುಗಳನ್ನು ಅವನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಸಾಲಾಗಿಟ್ಟ. ಒಳಗಿನ ಮಾಂಸ ತಿನ್ನಲಾಗಲಿಲ್ಲ. ಒಂದೂವರೆಗೆ ಕೊಡುವುದೆಂದು ತೀರ್ಮಾನಿಸಿದ. ಬಹಳ ಶಾಂತವಾಯಿತು. ಎರಡು ಗಂಟೆಯ ಹೊತ್ತಿಗೆ ಆ ಶಾಂತಿಯೇ ಅನುಮಾನಕ್ಕೆ ಕಾರಣವಾಯಿತು: ಇಷ್ಟು ಸಲೀಸಾಗಿ ಆದದ್ದು ಸರಿಯಾದದ್ದು ಹೇಗಿರುತ್ತದೆ? ಕೆಳಗೆ ಹೋಗಿ ಡೋರಿಸ್‌ಗೆ ಹೇಳುವುದು ಬಾಕಿ ಇದೆಯಲ್ಲ ಎಂದು ಎದ್ದ, ಕೊಡುವುದೇ ನಿಜವಾದರೆ ಹೇಳುವುದೇನಿದೆ ಎಂದು ಕೂತ. ಎರಡೂ ಮೂವತ್ತೈದಕ್ಕೆ ಟಲ್ಸಾದ ಮ್ಯಾನೇಜರ್ ವೇಡ್ ಸ್ಟ್ರಿಕ್‌ಲ್ಯಾಂಡ್ ಫೋನು ಮಾಡಿದ.

“ಏನಪ್ಪಾ ಲೆನ್, ಮದುವೆ ಹೆಣ್ಣಿನ ಥರ ಇನ್ನೂ ಎಷ್ಟೊತ್ತು ಕಾಯಿಸ್ತೀಯ?”

“ಯೋಚ್ನೆ ಮಾಡ್ತಿದೀನಿ.”

“ಹೋದ ತಿಂಗಳಿಂದ ಅದೇ ಹಾಡು. ಲೀಗಿನವರಿಗೆ ಇಬ್ರೂ ಸೇರಿ ಫೋನ್ ಮಾಡ್ಬೇಕು, ಅವರು ಓದಿ ಹೇಳ್ಬೇಕು, ನಾವು ಹೂಂ ಅನ್ಬೇಕು. ಅದಕ್ಕೇ ಹತ್ತು ನಿಮಿಷ ಹೋಗುತ್ತೆ. ಒಮಾಹಾದವರು ಇನ್ನೊಂದು ಲೈನ್‌ನಲ್ಲಿ ಕೂತಿದಾರೆ, ಸುಳ್ಳಲ್ಲ. ಈಗ ಹೇಳು. ಹೂಂ ಅಂತೀಯೋ, ಉಹೂಂ ಅಂತೀಯೋ?”

ಆ ಗಳಿಗೆಯಲ್ಲಿ ಡೊಂಬೆಕ್‌ನ ಕಣ್ಣಿಗೆ ಬಂದದ್ದು ಹಾಳೆಯಲ್ಲ, ಸಂಬಳವಲ್ಲ. ಉಲ್ಲನ್ ಶಾಲು ಮತ್ತು ತಟ್ಟೆಗೆ ಬೀಳುತ್ತಿದ್ದ ಇನ್ನೊಂದು ತುಂಡು. ಸ್ಪೋಕೇನ್‌ನಿಂದ ವಿಮಾನ ಸಿಗುತ್ತಿತ್ತು ಎಂಬುದೂ ಜೊತೆಗೇ ಬಂತು. “ಇಲ್ಲ ವೇಡ್. ಕೊಡಲ್ಲ,” ಎಂದ. “ನಿಂಗೆ ತಲೆ ಕೆಟ್ಟಿದೆ,” ಎಂದು ವೇಡ್ ಬಹಳ ಮೆಲ್ಲಗೆ, ನಿಜವಾಗಿ ಕನಿಕರಪಟ್ಟವನಂತೆ ಹೇಳಿ ಇಟ್ಟುಬಿಟ್ಟ.

ಎದುರಿಗೇ ಕೂತಿದ್ದ ಇಲೇನಾ ಹಾಳೆಗಳನ್ನು ಜೋಡಿಸಿಕೊಂಡು ಹೊರಟಳು. ಡೊಂಬೆಕ್‌ಗೆ ಎಷ್ಟೋ ತಿಂಗಳ ಮೇಲೆ ಮೈ ಹಗುರವಾಗಿತ್ತು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದ. ಕೆಳಗಿನ ಹಜಾರದುದ್ದಕ್ಕೂ ಬೊಂಬೆಯ ರಟ್ಟಿನ ಪೆಟ್ಟಿಗೆಗಳನ್ನು ಎದೆಮಟ್ಟಕ್ಕೆ ಪೇರಿಸಿದ್ದರು; ಹಾದುಹೋಗುವಾಗ ಒಂದನ್ನು ಅಂಗೈಯಿಂದ ತಟ್ಟಿದ, ಹಸುವಿನ ಬೆನ್ನು ತಟ್ಟುವಂತೆ. ತಾನು ಒಳ್ಳೆಯ ಮನುಷ್ಯ ಎಂಬ ವಿಷಯ ಅವನಿಗೆ ಅಪರೂಪಕ್ಕೆ ಗೊತ್ತಾಗಿತ್ತು, ಅದನ್ನು ಓಡೆಲ್‌ಗೆ ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತಿದ್ದ. ದೊಡ್ಡದು ಮಾಡಬಾರದು. ಸುಮ್ಮನೆ, ‘ನೀನು ಎಲ್ಲೂ ಹೋಗಲ್ಲ ಕಣೋ’ ಎನ್ನಬೇಕು, ಅಷ್ಟೆ.

ಡೋರಿಸ್‌ನ ಕೋಣೆಯಲ್ಲಿ ಓಡೆಲ್ ಎತ್ತರದ ಮಂಚದ ಮೇಲೆ ಕೂತಿದ್ದ. ಆಟದ ಬಟ್ಟೆಯಲ್ಲಲ್ಲ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಕೋಟು, ಕಾಲಲ್ಲಿ ತೊಗಲಿನ ಬೂಟು. ಪಕ್ಕದಲ್ಲಿ ಎರಡು ಚೀಲ. ಬಾಗಿಲಾಚೆ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಅವನ ಕಪಾಟು ತೆರೆದಿತ್ತು. ಹನ್ನೆರಡು ವರ್ಷದ ಸಾಮಾನೆಲ್ಲ ಹೋಗಿ ಒಂದು ಒಂಟಿ ಕಾಲುಚೀಲ ಮಾತ್ರ ಉಳಿದಿತ್ತು. ಡೊಂಬೆಕ್‌ನನ್ನು ಕಂಡದ್ದೇ ಅವನ ಮುಖ ಅರಳಿತು. ಆರ್ಕನ್ಸಾದ ಅಂಗಳದಲ್ಲಿ ಕಂಡ ಮುಖ ಅದು, ಮತ್ತೆ ನೋಡಿದ್ದು ಇವತ್ತೇ.

“ಬಂದ್ರಾ? ನೀವೇ ಇಳಿದು ಬರ್ತೀರಿ ಅಂತ ಡೋರಿಸ್ ಹತ್ರ ಬೆಟ್ ಕಟ್ಟಿದ್ದೆ. ಫೋನಲ್ಲಿ ಹೇಳೋ ಜಾತಿ ಅಲ್ಲ ನೀವು. ಟಲ್ಸಾನೇ ತಾನೆ?”

ಡೊಂಬೆಕ್‌ನ ಕಣ್ಣು ಆ ಎರಡು ಚೀಲಗಳ ಮೇಲೆ ಬಿತ್ತು.

“ಬೆಳಿಗ್ಗೆ ಡೋರಿಸ್ ಟೇಪು ಬೇಡ ಅಂದಾಗ್ಲೇ ಗೊತ್ತಾಯ್ತು. ಎದೆ ಹೆಂಗೆ ಹೊಡ್ಕೊಳ್ತು ಅಂತೀರಿ. ಬೂಟೆಲ್ಲ ಪಾಪ ಆ ಹೊಸಬನಿಗೆ ಕೊಟ್ಟೆ, ಅವನದೂ ನನ್ನಳತೆನೇ. ಅಡುಗೆಯವರಿಗೆ, ಕಸ ಗುಡಿಸೋರಿಗೆ, ಎಲ್ರಿಗೂ ಹೇಳಿ ಬಂದೆ. ನೋಡಿ, ಹನ್ನೆರಡು ವರ್ಷದಲ್ಲಿ ನಾನು ಮೇ ತಿಂಗಳ ಆಟ, ಗೆದ್ದ ತಂಡಗಳು ಮಾತ್ರ ಆಡೋದು, ಒಂದೂ ಆಡಿಲ್ಲ. ಬೇರೆಯವರು ಆಡೋದನ್ನ ಸೋಫಾ ಮೇಲೆ ಕೂತು ನೋಡಿದೀನಿ. ಟಲ್ಸಾದವರು ಈ ವರ್ಷ ಕೊನೇವರೆಗೂ ಹೋಗ್ತಾರೆ. ನಾನು ಬೆಂಚಿನ ಮೇಲೆ ಕೂತ್ರೂ ಪರವಾಗಿಲ್ಲ, ಒಂದ್ಸಲ ಅಲ್ಲಿರ್ಬೇಕು.”

“ನೀನು... ಯಾವತ್ತೂ ಕೇಳ್ಲಿಲ್ವಲ್ಲೋ,” ಎಂದ ಡೊಂಬೆಕ್.

“ಹೆಂಗೆ ಕೇಳ್ಲಿ? ನೀವು ಅಮ್ಮನಿಗೆ ಮಾತು ಕೊಟ್ಟಿದ್ರಿ. ಇಲ್ಲಿಂದ ಕಳಿಸಿ ಅಂತ ನಾನೇ ಕೇಳಿದ್ರೆ ಅವಳಿಗೆ ನಾನೇ ಮೋಸ ಮಾಡ್ದಂಗೆ. ನೀವು ಮುರಿದ್ರೆ ಅದು ನಿಮ್ಮ ತಲೆಮೇಲೆ,” ಎಂದು ಓಡೆಲ್ ನಕ್ಕ. “ಅಮ್ಮ ಹೋಗಿ ಹತ್ತು ತಿಂಗಳಾಯ್ತು. ದಿನಾ ಕಾಯ್ತಿದ್ದೆ, ಈ ಮನುಷ್ಯ ಯಾವತ್ತು ಮುರೀತಾನಪ್ಪಾ ಅಂತ.”

ಗೋಡೆಯ ಗಡಿಯಾರದಲ್ಲಿ ಎರಡೂ ನಲವತ್ತಾರು. ಡೊಂಬೆಕ್ ಫೋನು ತೆಗೆದ, ಬೆರಳು ಎರಡು ಸಲ ತಪ್ಪು ಹೆಸರಿನ ಮೇಲೆ ಬಿತ್ತು. “ವೇಡ್, ನಾನು. ಹೂಂ. ಹೂಂ ಅಂತಿದೀನಿ.” ಆ ಕಡೆಯಿಂದ ವೇಡ್‌ನ ದನಿ ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು. “ಲೆನ್, ಈಗ ತಾನೆ ಲೀಗಿನವರ ಫೋನ್ ಇಟ್ಟೆ. ಒಮಾಹಾದ ಜೊತೆ ಮುಗೀತು. ಓದಿ ಹೇಳಿದ್ರು, ಹೂಂ ಅಂದಾಯ್ತು. ಇನ್ನು ದೇವರು ಬಂದ್ರೂ ಆಗಲ್ಲ. ಹತ್ತು ನಿಮಿಷದ ಹಿಂದೆ ಏನಾಗಿತ್ತೋ ನಿಂಗೆ?”

ಫೋನು ಕಿವಿಯಿಂದ ಇಳಿದರೂ ಡೊಂಬೆಕ್ ಅದನ್ನು ಕೈಯಲ್ಲೇ ಹಿಡಿದು ನಿಂತ. ಏನಾಗಿತ್ತು ಎಂದು ಅವನಿಗೂ ತಿಳಿಯಬೇಕಿತ್ತು. ಬೆಳಿಗ್ಗೆ ಹತ್ತಕ್ಕೆ ಕಾಫಿ ಹಿಡಿದು ನಡೆಯುತ್ತಿದ್ದವನು ಟೇಪು ಬೇಡವೆಂದು ಹೇಳಿಯೇ ಹೂಂ ಎಂದಿದ್ದ; ಅವನಿಗೆ ಎಲ್ಲ ಗೊತ್ತಿತ್ತೇನೋ. ಎರಡೂವರೆಗೆ ಉಹೂಂ ಎಂದವನು ಯಾರು? ಒಳ್ಳೆಯವನು ಎಂದುಕೊಂಡು ಮೆಟ್ಟಿಲಿಳಿದವನು? ಡೋರಿಸ್ ಟೇಪಿನ ಸುರುಳಿಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು, ಇಟ್ಟದ್ದನ್ನೇ ತೆಗೆದು ಮತ್ತೆ ಇಡುತ್ತಿದ್ದಳು. “ಓಡೆಲ್,” ಎಂದ ಡೊಂಬೆಕ್, “ನಾನು ಅವರಿಗೋಸ್ಕರ... ಅಮ್ಮನಿಗೆ ಹೇಳಿದ್ದೆ ಅಂತ...” ಎಂದು ನಿಲ್ಲಿಸಿದ.

ಓಡೆಲ್ ಕೂಗಾಡಲಿಲ್ಲ. ಕೂಗಾಡಿದ್ದರೆ ಡೊಂಬೆಕ್‌ಗೆ ಒಂದಿಷ್ಟು ಆಸರೆಯಾಗುತ್ತಿತ್ತು. ಅವನ ಮುಖದಲ್ಲಿ ಆರ್ಕನ್ಸಾ ಮೆಲ್ಲಗೆ ಆರಿ, ಮೂವತ್ತನಾಲ್ಕು ವರ್ಷದ ಮುಖ ಬಂದು ಕೂತಿತು. ಆಮೇಲೆ ಬಾಗಿ ಎಡಗಾಲಿನ ಬೂಟು ಬಿಚ್ಚಿದ, ಕಾಲುಚೀಲ ತೆಗೆದು ಮಡಿಸಿ ಬೂಟಿನೊಳಗಿಟ್ಟ, ಕಾಲನ್ನು ಮಂಚದ ತುದಿಗೆ ಚಾಚಿದ. “ಏಳಕ್ಕೆ ಆಟ,” ಎಂದ. “ಐದು ಸಾವಿರ ಜನ ಬೊಂಬೆ ಇಸ್ಕೊಳ್ಳೋಕೆ ಬರ್ತಾರೆ. ಆಡ್ಬೇಕಲ್ಲ. ಯಾರದ್ರೂ ಬೂಟು ಸಿಗುತ್ತಾ ನೋಡಿ ಡೋರಿಸ್.” ಡೋರಿಸ್ ಸುರುಳಿ ಎತ್ತಿಕೊಂಡು ಮುಂದೆ ಬಂದಳು. ಡೊಂಬೆಕ್ ಕೈ ಚಾಚಿದ. ಅವಳು ಅವನನ್ನು ನೋಡಿ, ಓಡೆಲ್‌ನನ್ನು ನೋಡಿ, ಸುರುಳಿಯನ್ನು ಅವನ ಕೈಗಿಟ್ಟು ಬೂಟು ಹುಡುಕಲು ಹೊರಗೆ ಹೋದಳು.

ಸ್ಟೂಲೆಳೆದು ಕೂತು, ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಊತವೇನೂ ಇರಲಿಲ್ಲ. ಮಂಗಳವಾರ ಊದಿದ್ದು ಬಲಗಾಲು ಎಂದು ಆಗ ನೆನಪಾಯಿತು. ಮೊದಲು ಕಾಲಿನ ಹರಡಿನ ಮೇಲೆ ಎರಡು ಸುತ್ತು, ಆಮೇಲೆ ಹಿಮ್ಮಡಿಯ ಕೆಳಗಿಂದ ಮೂರು ಪಟ್ಟಿ, ಆಮೇಲೆ ಅಡ್ಡ. ಹನ್ನೆರಡು ವರ್ಷ ಸುತ್ತದಿದ್ದರೂ ಕೈಗೆ ಎಲ್ಲ ಗೊತ್ತಿತ್ತು. ಟೇಪು ಹರಿಯುವ ಚರ್ರೆಂಬ ಸದ್ದು ಕೂಡ ಹಾಗೆಯೇ ಇತ್ತು. “ಬಿಗಿಯಾಯ್ತಾ?” ಎಂದು ಕೇಳಿದ, ಕೇಳಬಾರದಿತ್ತೇನೋ ಎಂದುಕೊಳ್ಳುತ್ತ. “ಇರ್ಲಿ,” ಎಂದ ಓಡೆಲ್. ಹಜಾರದಲ್ಲಿ ಯಾರೋ ಪೆಟ್ಟಿಗೆ ಸಾಗಿಸುತ್ತಿದ್ದರು, ಒಳಗಿನ ಬೊಂಬೆಗಳ ಸ್ಪ್ರಿಂಗುಗಳು ಒಟ್ಟಿಗೆ ಅಲುಗಾಡುವ ಸದ್ದು ಹತ್ತಿರ ಬಂದು ದೂರ ಹೋಯಿತು. ಸುತ್ತಿ ಮುಗಿದು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಾಗ ಗಡಿಯಾರದಲ್ಲಿ ಮೂರು ಗಂಟೆಯಾಗಿ ಎರಡು ನಿಮಿಷವಾಗಿತ್ತು.

ಓಡೆಲ್ ಕೋಟಿನ ಜೇಬಿನಿಂದ ಕಪ್ಪು ಪೆನ್ನು ತೆಗೆದ. ತೆಗೆದು, ತನ್ನ ಕಾಲಿನ ಬಿಳುಪನ್ನು ನೋಡುತ್ತ, ಪೆನ್ನನ್ನು ಬೆರಳುಗಳ ನಡುವೆ ಎರಡು ಸಲ ಹೊರಳಿಸಿ, ಡೊಂಬೆಕ್‌ನ ಕಡೆಗೆ ಚಾಚಿದ.

“ಇವತ್ತು ನೀವೇ ಬರೀರಿ. ಅವಳಿಗೋಸ್ಕರ ತಾನೆ ಮಾಡಿದ್ದು.”

ದನಿಯಲ್ಲಿ ಕುಹಕವಿತ್ತೋ, ದಯೆಯೋ, ಡೊಂಬೆಕ್‌ಗೆ ಗೊತ್ತಾಗಲಿಲ್ಲ. ಮುಚ್ಚಳ ತೆಗೆದ. ಹರಡಿನ ಮೇಲೆ ಸರಿಯಾಗಿ ಜಾಗವಿತ್ತು, ಅಗಲವಾಗಿ, ಚೊಕ್ಕಟವಾಗಿ. ಪೆನ್ನಿನ ಮೂತಿಯನ್ನು ಟೇಪಿನ ಹತ್ತಿರ ಒಯ್ದ. ಶಾಲಿನ ಬಣ್ಣ ನೆನಪಿತ್ತು. ಜೋಳದ ಬ್ರೆಡ್ಡಿನ ರುಚಿ, ಮೇಜಿನ ಮೇಲಿನ ಹೂವಿನ ಬಟ್ಟೆ, ಅವರು ಬಡಿಸುವಾಗ ಎಡಗೈಯಿಂದ ಬಳೆ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದುದು, ಎಲ್ಲ ನೆನಪಿತ್ತು. ಹತ್ತು ವರ್ಷ ಉಂಡಿದ್ದ. ಮಿಸೆಸ್ ಎಂಬುದು ಬಂತು, ಗ್ಯಾಸ್ಕಿನ್ ಎಂಬುದು ಬಂತು, ಅವೆರಡರ ನಡುವೆ ಇರಬೇಕಾಗಿದ್ದ ಹೆಸರು ಬರಲಿಲ್ಲ. ಬಾಗಿಲಾಚೆ ಹಜಾರದಲ್ಲಿ ಡೋರಿಸ್ ಯಾರನ್ನೋ ಬೂಟಿನ ಅಳತೆ ಕೇಳುತ್ತಿದ್ದಳು. ಓಡೆಲ್ ಕಾಲು ಅಲುಗಿಸದೆ ಕಾಯುತ್ತಿದ್ದ.